ಇನ್‌ಟೇಕ್ ಮ್ಯಾನಿಫೋಲ್ಡ್ ಹೊಸದಾಗಿ ಮಾಡಿಸಿದರೆ ಎಂಜಿನ್ ಪವರ್ ಎಷ್ಟು ಹೆಚ್ಚುತ್ತದೆ?

ಓದುಗರ ಪ್ರಶ್ನೆ: ನನ್ನ ಕಾರಿನದು ಟರ್ಬೊ ಇಲ್ಲದ 1.6 ಲೀಟರ್ ಪೆಟ್ರೋಲ್ ಎಂಜಿನ್. ನಾಲ್ಕು ಸಿಲಿಂಡರ್, 16 ವಾಲ್ವ್. ಬೋರ್ (ಸಿಲಿಂಡರ್‌ನ ವ್ಯಾಸ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 84 ಮಿ.ಮೀ., ಕಂಪ್ರೆಷನ್ 10.5. ಕಂಪನಿ ಹೇಳುವ ಪ್ರಕಾರ 6,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ಸುತ್ತುಗಳು) 120 ಬಿಎಚ್‌ಪಿ, 4,400ರಲ್ಲಿ ಅತಿ ಹೆಚ್ಚು ಟಾರ್ಕ್ (ತಿರುಗಿಸುವ ಬಲ). ರೆವ್ ಲಿಮಿಟ್ 6,600. ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಹೆಡ್ (ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ) ಎರಡೂ ಕಂಪನಿಯವೇ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡ್ ತೆಗೆದು ಅಲ್ಯೂಮಿನಿಯಂನದು ಮಾಡಿಸಬೇಕೆಂದಿದ್ದೇನೆ. ಈಗಿನ ರನ್ನರ್ (ಒಂದೊಂದು ಸಿಲಿಂಡರ್‌ಗೂ ಗಾಳಿ ಒಯ್ಯುವ ಕೊಳವೆ) ಸುಮಾರು 460 ಮಿ.ಮೀ. ಉದ್ದ, 38 ಮಿ.ಮೀ. ವ್ಯಾಸ. ನನ್ನ ಯೋಜನೆ: 150 ಮಿ.ಮೀ. ಉದ್ದದ 50 ಮಿ.ಮೀ. ರನ್ನರ್‌ಗಳು, 5 ಲೀಟರ್ ಪ್ಲೆನಮ್ (ರನ್ನರ್‌ಗಳಿಗೆ ಗಾಳಿ ಕೊಡುವ ಡಬ್ಬಿ), 55ರ ಬದಲು 70 ಮಿ.ಮೀ. ಥ್ರಾಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ತೆರೆಯುವ ಬಾಗಿಲು), ಒಳಗೆಲ್ಲ ಕನ್ನಡಿಯಂತೆ ಪಾಲಿಶ್. ಇಷ್ಟು ಮಾಡಿದರೆ 30 ಬಿಎಚ್‌ಪಿ ಹೆಚ್ಚುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಕಾರು ದಿನನಿತ್ಯದ ಓಡಾಟಕ್ಕೂ ಬೇಕು, ಆಗಾಗ ಟ್ರ್ಯಾಕ್‌ಗೂ ಒಯ್ಯುತ್ತೇನೆ. ವೆಲ್ಡಿಂಗ್ ಬರುತ್ತದೆ. ಮುಂದುವರಿಯಲೇ?

ಉತ್ತರ: ಮುಂದುವರಿಯಬಹುದು, ಆದರೆ ಈ ಅಳತೆಗಳಲ್ಲಿ ಬೇಡ. ನೀವು ಬರೆದ ಅಳತೆಯ ಮ್ಯಾನಿಫೋಲ್ಡ್ ಹಾಕಿದರೆ ಕಾರು ಈಗಿಗಿಂತ ನಿಧಾನವಾಗುವ ಸಾಧ್ಯತೆಯೇ ಹೆಚ್ಚು. ನಿಮ್ಮ ಮುಖ್ಯ ಆಸೆ 30 ಬಿಎಚ್‌ಪಿ ಆದ್ದರಿಂದ ಮೊದಲು ಅದನ್ನೇ ನೋಡೋಣ.

ಬಿಎಚ್‌ಪಿಯನ್ನು 7,120ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್ ನ್ಯೂಟನ್ ಮೀಟರ್‌ನಲ್ಲಿ ಸಿಗುತ್ತದೆ. 6,000ದಲ್ಲಿ 120 ಬಿಎಚ್‌ಪಿ ಎಂದರೆ ಸುಮಾರು 142. ಅದೇ ವೇಗದಲ್ಲಿ 150 ಬಿಎಚ್‌ಪಿ ಬೇಕಾದರೆ 178 ಬೇಕು. ಅಂದರೆ ಪ್ರತಿ ಸಲ ವಾಲ್ವ್ ತೆರೆದಾಗ ಸಿಲಿಂಡರ್‌ಗೆ ಈಗಿಗಿಂತ ಕಾಲು ಭಾಗ ಹೆಚ್ಚು ಗಾಳಿ ಹೋಗಬೇಕು. ಒಂದು ಲೀಟರ್‌ಗೆ 111 ನ್ಯೂಟನ್ ಮೀಟರ್ ಎಂಬುದು ಟರ್ಬೊ ಇಲ್ಲದ ಎಂಜಿನ್‌ಗಳಲ್ಲಿ ಬಹಳ ಮೇಲಿನ ದರ್ಜೆಯ ಸಂಖ್ಯೆ. ಹೆಡ್, ಕ್ಯಾಮ್, ಕಂಪ್ರೆಷನ್, ಎಕ್ಸಾಸ್ಟ್ ಎಲ್ಲವೂ ಅದಕ್ಕೆಂದೇ ತಯಾರಾದಾಗ ಮಾತ್ರ ಬರುವಂಥದ್ದು. ಕಂಪನಿಯದೇ ಕ್ಯಾಮ್ ಇರುವ ಎಂಜಿನ್‌ಗೆ ಮ್ಯಾನಿಫೋಲ್ಡ್ ಒಂದನ್ನೇ ಬದಲಿಸಿ ಅಲ್ಲಿಗೆ ತಲುಪಲು ಆಗುವುದಿಲ್ಲ. ಅಳತೆ ಸರಿಯಾಗಿ, ಮ್ಯಾಪಿಂಗ್ (ಎಂಜಿನ್ ಕಂಪ್ಯೂಟರ್‌ನ ಪೆಟ್ರೋಲ್, ಸ್ಪಾರ್ಕ್ ಲೆಕ್ಕ) ಸರಿಯಾಗಿ ಕೂತರೆ ಮೇಲಿನ ಆರ್‌ಪಿಎಂನಲ್ಲಿ ಐದು ಶೇಕಡಾದ ಆಸುಪಾಸು ಸಿಕ್ಕರೆ ಅದು ಒಳ್ಳೆಯ ಕೆಲಸ. ಅದಕ್ಕೆ ಪ್ರತಿಯಾಗಿ ಕೆಳಗಿನ ಆರ್‌ಪಿಎಂನಲ್ಲಿ ಏನಾದರೂ ಬಿಟ್ಟುಕೊಡಬೇಕಾಗುತ್ತದೆ. ಮ್ಯಾನಿಫೋಲ್ಡ್ ಮಾಡುವುದು ಮುಖ್ಯವಾಗಿ ಇಷ್ಟೇ: ಟಾರ್ಕ್‌ನ ಗುಡ್ಡವನ್ನು ಒಂದು ಆರ್‌ಪಿಎಂನಿಂದ ಇನ್ನೊಂದಕ್ಕೆ ಸರಿಸುತ್ತದೆ.

ರನ್ನರ್ ಒಳಗೆ ನಡೆಯುವುದೇನು?

ಇನ್‌ಟೇಕ್ ವಾಲ್ವ್ ತೆರೆದು ಪಿಸ್ಟನ್ ಕೆಳಗಿಳಿದಾಗ ಪೋರ್ಟ್‌ನಲ್ಲಿ, ಅಂದರೆ ಹೆಡ್ ಒಳಗಿನ ಗಾಳಿಯ ದಾರಿಯಲ್ಲಿ, ಒತ್ತಡ ಕುಸಿಯುತ್ತದೆ. ಈ ಕುಸಿತ ಒಂದು ಅಲೆಯಾಗಿ, ಶಬ್ದದ ವೇಗದಲ್ಲಿ, ರನ್ನರ್‌ನಲ್ಲಿ ಮೇಲಕ್ಕೆ ಓಡುತ್ತದೆ. ರನ್ನರ್ ಮುಗಿದು ಪ್ಲೆನಮ್ ತೆರೆದುಕೊಳ್ಳುವ ಜಾಗದಲ್ಲಿ ಅದು ತಲೆಕೆಳಗಾಗಿ, ಹೆಚ್ಚಿನ ಒತ್ತಡದ ಅಲೆಯಾಗಿ ವಾಪಸ್ಸು ಬರುತ್ತದೆ. ಪಿಸ್ಟನ್ ತಳ ಮುಟ್ಟಿ ಮತ್ತೆ ಮೇಲೇರಲು ಶುರುಮಾಡಿದಾಗಲೂ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ಒಳಗೆ ಬಂದ ಗಾಳಿ ಹೊರಗೆ ನುಗ್ಗಲು ಹವಣಿಸುವ ಹೊತ್ತು ಅದು. ಸರಿಯಾಗಿ ಆಗಲೇ ವಾಪಸ್ಸು ಬಂದ ಅಲೆ ಬಾಗಿಲಲ್ಲಿ ನಿಂತು ಗಾಳಿಯನ್ನು ಒಳಗೇ ತಳ್ಳಿ ಹಿಡಿದರೆ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ರನ್ನರ್‌ನಲ್ಲಿ ವೇಗವಾಗಿ ಬರುತ್ತಿರುವ ಗಾಳಿಯ ಜಡತ್ವವೂ ಇದಕ್ಕೆ ಕೈಜೋಡಿಸುತ್ತದೆ.

ಅಲೆಯ ವೇಗ ಹೆಚ್ಚುಕಮ್ಮಿ ಒಂದೇ, ಸೆಕೆಂಡಿಗೆ 345 ಮೀಟರ್ ಎಂದಿಟ್ಟುಕೊಳ್ಳಿ. ವಾಲ್ವ್ ತೆರೆದಿರುವ ಸಮಯ ಮಾತ್ರ ಆರ್‌ಪಿಎಂ ಏರಿದಂತೆ ಕಡಿಮೆಯಾಗುತ್ತದೆ. ಹಾಗಾಗಿ ಒಂದು ಉದ್ದ ಒಂದು ಆರ್‌ಪಿಎಂನಲ್ಲಿ ಮಾತ್ರ ಪೂರ್ತಿ ಸಹಾಯ ಮಾಡುತ್ತದೆ. ಅಲೆ ತಪ್ಪು ಹೊತ್ತಿಗೆ ಬಂದರೆ ಅದೇ ರನ್ನರ್ ತುಂಬುವಿಕೆಯನ್ನು ಹಾಳು ಮಾಡುತ್ತದೆ.

ಇದು ಹಳೆಯ ತಿಳಿವಳಿಕೆ. 1960ರಲ್ಲಿ ಕ್ರೈಸ್ಲರ್ ಕಂಪನಿ ತನ್ನ 300ಎಫ್ ಕಾರಿಗೆ 30 ಇಂಚು, ಅಂದರೆ ಸುಮಾರು 760 ಮಿ.ಮೀ. ಉದ್ದದ ರನ್ನರ್ ಹಾಕಿತು. ಟಾರ್ಕ್ ಶಿಖರ 2,800 ಆರ್‌ಪಿಎಂಗೆ ಇಳಿಯಿತು. ಹೆಚ್ಚು ವೇಗ ಬೇಕಾದವರಿಗಾಗಿ ಅದೇ ಮ್ಯಾನಿಫೋಲ್ಡ್‌ನ ಒಳಗೋಡೆಯನ್ನು ತೆಗೆದು, ಕೆಲಸ ಮಾಡುವ ಉದ್ದವನ್ನು 15 ಇಂಚಿಗೆ ಇಳಿಸಿದರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. 1991ರಲ್ಲಿ ಲ ಮಾನ್ಸ್ ರೇಸ್ ಗೆದ್ದ ಮಜ್ದಾ 787ಬಿ ಕಾರಿನಲ್ಲಿ ಓಡುತ್ತಿರುವಾಗಲೇ ಉದ್ದ ಬದಲಾಗುವ ರನ್ನರ್‌ಗಳಿದ್ದವು. ಅಷ್ಟು ಕಷ್ಟಪಟ್ಟಿದ್ದೇಕೆಂದರೆ ಒಂದು ಸ್ಥಿರ ಉದ್ದದಿಂದ ಎಲ್ಲ ಆರ್‌ಪಿಎಂಗೂ ಲಾಭ ಪಡೆಯಲು ಆಗುವುದಿಲ್ಲ.

ನಿಮ್ಮ ಎಂಜಿನ್‌ನ ಲೆಕ್ಕ

ಒರಟು ಲೆಕ್ಕಕ್ಕೆ ಹೆಲ್ಮ್‌ಹೋಲ್ಟ್ಸ್ ಸೂತ್ರ ಸಾಕು. ರನ್ನರ್‌ನ ಅಡ್ಡಕೊಯ್ತದ ವಿಸ್ತೀರ್ಣವನ್ನು, ಉದ್ದ ಮತ್ತು ಸಿಲಿಂಡರ್ ಪರಿಮಾಣದ ಗುಣಲಬ್ಧದಿಂದ ಭಾಗಿಸಿ. ವರ್ಗಮೂಲ ತೆಗೆದು ಶಬ್ದದ ವೇಗದಿಂದ ಗುಣಿಸಿ, 6.28ರಿಂದ ಭಾಗಿಸಿ. ಎಲ್ಲವನ್ನೂ ಮೀಟರ್‌ನಲ್ಲೇ ಇಡಿ. ಬಂದದ್ದು ಆವರ್ತನ, ಹರ್ಟ್ಸ್‌ನಲ್ಲಿ. ಅದನ್ನು 60ರಿಂದ ಗುಣಿಸಿ 2.1ರಿಂದ ಭಾಗಿಸಿದರೆ ಆರ್‌ಪಿಎಂ. ಸಿಲಿಂಡರ್ ಪರಿಮಾಣ ಎಂದರೆ ಇಲ್ಲಿ ಪಿಸ್ಟನ್ ಅರ್ಧ ದಾರಿಯಲ್ಲಿರುವಾಗಿನದು. ನಿಮ್ಮ 401 ಸಿಸಿ ಸಿಲಿಂಡರ್‌ಗೆ, 10.5 ಕಂಪ್ರೆಷನ್‌ಗೆ, ಅದು ಸುಮಾರು 243 ಸಿಸಿ.

ಉದ್ದ ಎಂದಾಗ ಬಹಳ ಜನ ಎಡವುತ್ತಾರೆ. ಅಲೆ ಓಡುವುದು ವಾಲ್ವ್‌ನಿಂದ ಪ್ಲೆನಮ್‌ವರೆಗೆ. ಹಾಗಾಗಿ ಹೆಡ್ ಒಳಗಿನ ಪೋರ್ಟ್‌ನ ಉದ್ದವನ್ನೂ ಸೇರಿಸಲೇಬೇಕು. ತಂತಿಯೊಂದನ್ನು ಪೋರ್ಟ್‌ನ ನಡುಗೆರೆಯಲ್ಲಿ ಬಗ್ಗಿಸಿ ಇಟ್ಟು ಅಳೆಯಿರಿ. ಇಲ್ಲಿ 100 ಮಿ.ಮೀ. ಎಂದು ಹಿಡಿದಿದ್ದೇನೆ. ರನ್ನರ್‌ನ ತೆರೆದ ತುದಿಯಲ್ಲಿ ಅಲೆ ಸ್ವಲ್ಪ ಹೊರಗೆ ಹೋಗಿ ತಿರುಗುವುದರಿಂದ ವ್ಯಾಸದ ಮೂರನೇ ಒಂದು ಭಾಗದಷ್ಟು, ಅಂದರೆ 15 ಮಿ.ಮೀ.ನಷ್ಟು, ಇನ್ನೂ ಸೇರಿಸಿ.

ಈಗಿನ ಮ್ಯಾನಿಫೋಲ್ಡ್: 460ಕ್ಕೆ 100 ಮತ್ತು 15 ಸೇರಿ 575 ಮಿ.ಮೀ., ವ್ಯಾಸ 38. ಲೆಕ್ಕ ಮಾಡಿದರೆ 4,470 ಆರ್‌ಪಿಎಂ ಆಸುಪಾಸು ಬರುತ್ತದೆ. ಕಂಪನಿ ಹೇಳಿದ ಟಾರ್ಕ್ ಶಿಖರ 4,400. ಅಂದರೆ ಈ ಪ್ಲಾಸ್ಟಿಕ್ ಮ್ಯಾನಿಫೋಲ್ಡನ್ನು ಯಾರೋ ಕೂತು ಯೋಚಿಸಿಯೇ ಮಾಡಿದ್ದಾರೆ.

ನಿಮ್ಮ ಯೋಜನೆ: 150ಕ್ಕೆ 100 ಮತ್ತು 15 ಸೇರಿ 265 ಮಿ.ಮೀ., ವ್ಯಾಸ 50. ಬರುವ ಉತ್ತರ ಸುಮಾರು 8,700 ಆರ್‌ಪಿಎಂ. ನಿಮ್ಮ ಎಂಜಿನ್ 6,600ಕ್ಕೆ ನಿಲ್ಲುತ್ತದೆ. ಎಂದೂ ತಲುಪದ ವೇಗಕ್ಕೆ ಟ್ಯೂನ್ ಮಾಡಿ, ಓಡಿಸುವ ವೇಗದಲ್ಲಿ ಈಗಿರುವ ಸಹಾಯವನ್ನೂ ಕಳೆದುಕೊಂಡಂತಾಗುತ್ತದೆ.

ಹಾಗಾದರೆ ಯಾವ ಆರ್‌ಪಿಎಂಗೆ ಗುರಿ ಇಡಬೇಕು? ಇದಕ್ಕೆ ಉತ್ತರ ಗೇರ್‌ಬಾಕ್ಸ್‌ನಲ್ಲಿದೆ. ಉದಾಹರಣೆಗೆ ಎರಡನೇ ಗೇರ್ 1.90, ಮೂರನೆಯದು 1.28 ಇದ್ದರೆ, 6,500ರಲ್ಲಿ ಗೇರ್ ಬದಲಿಸಿದಾಗ ಎಂಜಿನ್ 4,380ಕ್ಕೆ ಬೀಳುತ್ತದೆ. ಟ್ರ್ಯಾಕ್‌ನಲ್ಲಿ ನೀವು ಬಳಸುವುದು ಈ 4,400ರಿಂದ 6,500ರವರೆಗಿನ ಪಟ್ಟಿಯನ್ನು. ಪೂರ್ತಿ ಪಟ್ಟಿಯ ಸರಾಸರಿ ಟಾರ್ಕ್ ಮುಖ್ಯ, ತುತ್ತತುದಿಯ ಒಂದು ಸಂಖ್ಯೆಗೆ ಅಷ್ಟು ಬೆಲೆಯಿಲ್ಲ. ಹಾಗಾಗಿ 5,700ರ ಸುತ್ತಮುತ್ತ ಗುರಿ ಇಡಿ. 40 ಮಿ.ಮೀ. ವ್ಯಾಸಕ್ಕೆ ಒಟ್ಟು ಉದ್ದ ಸುಮಾರು 390 ಮಿ.ಮೀ. ಬರುತ್ತದೆ. ಪೋರ್ಟ್‌ನ 100, ತುದಿಯ 15 ಕಳೆದರೆ ನೀವು ಮಾಡಬೇಕಾದ ರನ್ನರ್ 275 ಮಿ.ಮೀ. ಇದು ನಿಮ್ಮ ಯೋಜನೆಯ ಹೆಚ್ಚುಕಮ್ಮಿ ಎರಡರಷ್ಟು.

ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. ಅಲೆಯ ಓಟದ ಸಮಯದಿಂದ ಲೆಕ್ಕ ಹಾಕುವ ಇನ್ನೊಂದು ದಾರಿ ಇದೆ. 6,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ 90 ಡಿಗ್ರಿ ತಿರುಗಲು 2.5 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಅಲೆ 860 ಮಿ.ಮೀ. ಓಡುತ್ತದೆ, ಹೋಗಿಬರುವ ದಾರಿಯ ಅರ್ಧ 430 ಮಿ.ಮೀ. ಹೆಲ್ಮ್‌ಹೋಲ್ಟ್ಸ್ ಪ್ರಕಾರ ಅದೇ 6,000ಕ್ಕೆ, 40 ಮಿ.ಮೀ. ಕೊಳವೆಗೆ, 350ರ ಆಸುಪಾಸು ಸಾಕು. ಎರಡರ ನಡುವೆ 80 ಮಿ.ಮೀ. ಅಂತರ! ಕ್ಯಾಮ್‌ನ ವಾಲ್ವ್ ಮುಚ್ಚುವ ಕೋನ, ಪೋರ್ಟ್‌ನ ಆಕಾರ ಯಾವುದೂ ಈ ಸರಳ ಸೂತ್ರಗಳಿಗೆ ಗೊತ್ತಿಲ್ಲ. ಅವು ಎಲ್ಲಿಂದ ಶುರುಮಾಡಬೇಕು ಎಂದು ಹೇಳುತ್ತವೆ, ಕೊನೆಯ ಮಾತನ್ನು ಡೈನೊ, ಅಂದರೆ ಎಂಜಿನ್ ಪವರ್ ಅಳೆಯುವ ಯಂತ್ರ, ಹೇಳಬೇಕು.

ವ್ಯಾಸ, ಥ್ರಾಟಲ್, ಪಾಲಿಶ್

ದೊಡ್ಡ ಕೊಳವೆಯಲ್ಲಿ ಹೆಚ್ಚು ಗಾಳಿ ಹೋಗುತ್ತದೆ ಎಂಬ ನಂಬಿಕೆ ನಿರಂತರವಾಗಿ ಹರಿಯುವ ನೀರಿನ ಪೈಪ್‌ಗೆ ಸರಿ. ಇಲ್ಲಿ ಗಾಳಿ ಹೊರಟು, ನಿಂತು, ಮತ್ತೆ ಹೊರಡುತ್ತದೆ. ಅದಕ್ಕೆ ವೇಗ ಬೇಕು. 6,500ರಲ್ಲಿ ನಿಮ್ಮ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 18.2 ಮೀಟರ್. ಬೋರ್‌ನ ವಿಸ್ತೀರ್ಣವನ್ನು ರನ್ನರ್‌ನ ವಿಸ್ತೀರ್ಣದಿಂದ ಭಾಗಿಸಿ ಇದಕ್ಕೆ ಗುಣಿಸಿದರೆ ರನ್ನರ್‌ನಲ್ಲಿ ಗಾಳಿಯ ಸರಾಸರಿ ವೇಗ: 38 ಮಿ.ಮೀ.ಗೆ 77 ಮೀಟರ್, 40ಕ್ಕೆ 69, 44ಕ್ಕೆ 57, ನೀವು ಹೇಳಿದ 50ಕ್ಕೆ ಬರೀ 44. ಗರಿಷ್ಠ ಪವರ್ ಬೇಕಾದ ಕಡೆ 60ರಿಂದ 75ರ ನಡುವೆ ಇಟ್ಟುಕೊಳ್ಳುವುದು ಒಳ್ಳೆಯದು. 50ರ ಕೊಳವೆಯಲ್ಲಿ 3,000 ಆರ್‌ಪಿಎಂನ ದಿನನಿತ್ಯದ ಓಡಾಟಕ್ಕೆ ಗಾಳಿ ತೂಕಡಿಸುತ್ತಿರುತ್ತದೆ. ಪೋರ್ಟ್‌ನ ಬಾಯಿ ಅಂಡಾಕಾರವಿದ್ದರೆ ವಿಸ್ತೀರ್ಣ ಹೋಲಿಸಿ. ಎರಡು ತುದಿ ಅರ್ಧವೃತ್ತವಿರುವ 52 x 28 ಮಿ.ಮೀ. ಬಾಯಿ 40.5 ಮಿ.ಮೀ. ವೃತ್ತಕ್ಕೆ ಸಮ. ವೃತ್ತದಿಂದ ಅಂಡಾಕಾರಕ್ಕೆ ಬದಲಾಗಲು ಕನಿಷ್ಠ 60 ಮಿ.ಮೀ. ಉದ್ದ ಕೊಡಿ, ನಡುವೆ ಎಲ್ಲೂ ವಿಸ್ತೀರ್ಣ ಉಬ್ಬಿ ಕುಗ್ಗದಿರಲಿ. ಹೆಡ್ ಕಡೆಯಿಂದ ಪ್ಲೆನಮ್ ಕಡೆಗೆ ಸ್ವಲ್ಪ ಅಗಲವಾಗುತ್ತ ಹೋದರೆ ಇನ್ನೂ ಒಳ್ಳೆಯದು: ಹೆಡ್ ಬಳಿ 40 ಇದ್ದರೆ ಮೇಲೆ 44 ಅಥವಾ 45. ಹಾಗೆ ಮಾಡಿದಾಗ ಸರಾಸರಿ ವಿಸ್ತೀರ್ಣ ಹೆಚ್ಚುವುದರಿಂದ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಅದೇ ಆರ್‌ಪಿಎಂಗೆ ಉದ್ದ ಸ್ವಲ್ಪ ಜಾಸ್ತಿ ಬೇಕಾಗುತ್ತದೆ.

ಥ್ರಾಟಲ್ ಬಾಡಿಯ ವಿಷಯದಲ್ಲಿ ಹಣ ಖರ್ಚು ಮಾಡುವ ಮೊದಲು ಒಂದು ಅಳತೆ ತೆಗೆದುಕೊಳ್ಳಿ. ಕಾರಿನ ಕಂಪ್ಯೂಟರ್‌ಗೆ ಸ್ಕ್ಯಾನರ್ ಜೋಡಿಸಿ. ಇಗ್ನಿಷನ್ ಆನ್ ಇದ್ದು ಎಂಜಿನ್ ಆಫ್ ಇರುವಾಗ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವಂಥದ್ದು) ತೋರಿಸುವುದು ಹೊರಗಿನ ವಾತಾವರಣದ ಒತ್ತಡ. ಅದನ್ನು ಬರೆದಿಡಿ. ನಂತರ ಟ್ರ್ಯಾಕ್‌ನಲ್ಲೋ ಡೈನೊದಲ್ಲೋ ಆಕ್ಸಿಲರೇಟರ್ ಪೂರ್ತಿ ಒತ್ತಿ, 6,000 ದಾಟಿದಾಗ ಎಷ್ಟಿದೆ ನೋಡಿ. ಮೊದಲನೆಯದು 100 ಕಿಲೋಪಾಸ್ಕಲ್, ಎರಡನೆಯದು 98 ಎಂದಾದರೆ ಏರ್ ಫಿಲ್ಟರ್, ಪೈಪ್, ಥ್ರಾಟಲ್ ಎಲ್ಲ ಸೇರಿ ತಡೆಯುತ್ತಿರುವುದು ಎರಡೇ ಶೇಕಡಾ. ಎಷ್ಟೇ ದೊಡ್ಡ ಥ್ರಾಟಲ್ ಹಾಕಿದರೂ ಅದಕ್ಕಿಂತ ಹೆಚ್ಚು ಸಿಗುವಂತಿಲ್ಲ. 93 ಎಂದು ಬಂದರೆ ಮಾತ್ರ ಅಲ್ಲಿ ಹುಡುಕುವಂಥದ್ದೇನೋ ಇದೆ. ಆಗಲೂ ಥ್ರಾಟಲ್‌ಗಿಂತ ಮೊದಲು ಫಿಲ್ಟರ್ ಬಾಕ್ಸ್, ಅದರ ಬಾಯಿ, ಪೈಪ್‌ನ ಮಡಿಕೆಗಳನ್ನು ನೋಡಿ. ನಿಮ್ಮ ಎಂಜಿನ್ 6,500ರಲ್ಲಿ ಸೆಕೆಂಡಿಗೆ ಸುಮಾರು 82 ಲೀಟರ್ ಗಾಳಿ ಎಳೆಯುತ್ತದೆ. 55 ಮಿ.ಮೀ. ಥ್ರಾಟಲ್‌ನಲ್ಲಿ ಅದರ ವೇಗ 35 ಮೀಟರ್ ಅಷ್ಟೇ, ಅಂದರೆ ರನ್ನರ್‌ನಲ್ಲಿರುವುದರ ಅರ್ಧ. 70 ಹಾಕಿದರೆ ಆಕ್ಸಿಲರೇಟರ್ ಸ್ವಲ್ಪ ಮುಟ್ಟಿದರೂ ಕಾರು ಜಿಗಿದಂತೆ ಆಗುತ್ತದೆ. ಬಹಳ ಜನ ಅದನ್ನೇ ಪವರ್ ಎಂದು ತಿಳಿಯುತ್ತಾರೆ. ಟ್ರಾಫಿಕ್‌ನಲ್ಲಿ ಮಾತ್ರ ಕಾಲು ಸೋಲುತ್ತದೆ.

ಕನ್ನಡಿಯಂಥ ಪಾಲಿಶ್‌ಗೆ ಸಮಯ ಹಾಕಬೇಡಿ. ವೆಲ್ಡ್‌ನ ಉಬ್ಬುಗಳನ್ನು ಉಜ್ಜಿ, 80 ಅಥವಾ 120 ನಂಬರ್ ಎಮರಿಯಿಂದ ಮುಗಿಸಿದರೆ ಸಾಕು. ಆ ಸಮಯವನ್ನು ರನ್ನರ್‌ನ ಬಾಯಿಗೆ ಕೊಡಿ. ಕೊಳವೆಯನ್ನು ಹಾಗೇ ಪ್ಲೆನಮ್ ಒಳಗೆ ಚಾಚಿ ಬಿಟ್ಟರೆ ಪ್ರವೇಶದ ನಷ್ಟದ ಗುಣಾಂಕ 0.8ರ ಆಸುಪಾಸು. ಗೋಡೆಗೆ ಸಮನಾಗಿ ಕತ್ತರಿಸಿದರೆ 0.5. ಅಂಚನ್ನು ತುತ್ತೂರಿಯ ಬಾಯಂತೆ ದುಂಡಗೆ ತಿರುಗಿಸಿದರೆ 0.05ಕ್ಕೂ ಕೆಳಗೆ ಹೋಗುತ್ತದೆ. 40 ಮಿ.ಮೀ. ಕೊಳವೆಗೆ 10 ಮಿ.ಮೀ. ತ್ರಿಜ್ಯದ ದುಂಡು ಸಾಕು. ಇಡೀ ಮ್ಯಾನಿಫೋಲ್ಡ್‌ನಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಕೊಡುವ ಜಾಗ ಇನ್ನೊಂದಿಲ್ಲ. ಈ ಬೆಲ್‌ಮೌತ್‌ನ ಎದುರಿನ ಗೋಡೆ ಕನಿಷ್ಠ ಒಂದು ವ್ಯಾಸದಷ್ಟು ದೂರವಿರಲಿ. ಇಲ್ಲದಿದ್ದರೆ ಬಾಯಿ ತೆರೆದಿದ್ದರೂ ಉಸಿರುಗಟ್ಟುತ್ತದೆ.

ಪ್ಲೆನಮ್‌ಗೆ ಎಂಜಿನ್ ಪರಿಮಾಣದ ಒಂದರಿಂದ ಒಂದೂವರೆ ಪಟ್ಟು, ನಿಮಗೆ 1.6ರಿಂದ 2.4 ಲೀಟರ್. 5 ಲೀಟರ್ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ನಷ್ಟವೇನೂ ಆಗದಿರಬಹುದು. ಆದರೆ ಆಕ್ಸಿಲರೇಟರ್ ಒತ್ತಿದ ಮೇಲೆ ಆ ಡಬ್ಬಿ ತುಂಬಿಯೇ ಎಂಜಿನ್ ಸ್ಪಂದಿಸಬೇಕು, ಐಡಲ್ ಏರಿಳಿಯುವುದೂ ಉಂಟು. ಥ್ರಾಟಲ್ ಒಂದು ತುದಿಯಲ್ಲಿದ್ದರೆ ಅದಕ್ಕೂ ಮೊದಲ ರನ್ನರ್‌ಗೂ ನಡುವೆ ಥ್ರಾಟಲ್‌ನ ಒಂದು ವ್ಯಾಸದಷ್ಟಾದರೂ ಜಾಗ ಬಿಡಿ. ಹತ್ತಿರವಿದ್ದರೆ ಗಾಳಿ ಮೊದಲ ರನ್ನರ್‌ನ ಮುಂದಿನಿಂದಲೇ ರಭಸವಾಗಿ ಹಾದುಹೋಗುತ್ತದೆ, ಆ ಸಿಲಿಂಡರ್ ಹಸಿದೇ ಉಳಿಯುತ್ತದೆ.

ಲೋಹ, ಶಾಖ, ವೆಲ್ಡಿಂಗ್

ಪ್ಲಾಸ್ಟಿಕ್ ಅಗ್ಗ ಎಂದು ಹಾಕಿದ್ದಾರೆ, ಅಲ್ಯೂಮಿನಿಯಂ ಮೇಲು ಎಂಬುದು ಅರ್ಧ ಸತ್ಯ. ಗಾಜಿನ ನಾರು ಸೇರಿಸಿದ ಆ ನೈಲಾನ್ ಹೆಡ್‌ನ ಶಾಖವನ್ನು ಗಾಳಿಗೆ ದಾಟಿಸುವುದು ಬಹಳ ಕಡಿಮೆ. ಗಾಳಿ 3 ಡಿಗ್ರಿ ಬಿಸಿಯಾದರೆ ಸಾಂದ್ರತೆ ಒಂದು ಶೇಕಡಾ ಇಳಿಯುತ್ತದೆ. 15 ಡಿಗ್ರಿ ಹೆಚ್ಚಾದರೆ ನೀವು ಇಷ್ಟು ಕಷ್ಟಪಟ್ಟು ಗಳಿಸುವ ಐದು ಶೇಕಡಾ ಅಲ್ಲಿಗೆ ಮುಗಿಯಿತು. ಹಾಗಾಗಿ ಹೆಡ್ ಮತ್ತು ಫ್ಲೇಂಜ್ (ಹೆಡ್‌ಗೆ ಬಿಗಿಯುವ ಮ್ಯಾನಿಫೋಲ್ಡ್‌ನ ದಪ್ಪ ಹಲಗೆ) ನಡುವೆ ಶಾಖ ತಡೆಯುವ ಫೀನಾಲಿಕ್ ಹಲಗೆ ಹಾಕಿ. ಅದರ ದಪ್ಪವನ್ನು ರನ್ನರ್ ಉದ್ದದಲ್ಲಿ ಕಳೆಯಲು ಮರೆಯಬೇಡಿ.

ಫ್ಲೇಂಜ್‌ಗೆ 6061 ಅಲ್ಯೂಮಿನಿಯಂ, 12 ಮಿ.ಮೀ. ದಪ್ಪ. ರನ್ನರ್‌ಗೆ 3 ಮಿ.ಮೀ. ಗೋಡೆಯ ಕೊಳವೆ, ಎಸಿ ಟಿಗ್, 4043 ಫಿಲ್ಲರ್ ರಾಡ್. ವೆಲ್ಡಿಂಗ್ ಬರುತ್ತದೆ ಎಂದಿದ್ದೀರಿ. ಆದರೂ ಹೇಳುತ್ತೇನೆ, ಇಲ್ಲಿ ಕೆಲಸ ಕೆಡುವುದು ಫ್ಲೇಂಜ್ ಬಾಗುವುದರಿಂದ. ಅದನ್ನು 20 ಮಿ.ಮೀ. ಉಕ್ಕಿನ ಹಲಗೆಗೆ ಎಲ್ಲ ಬೋಲ್ಟ್ ಹಾಕಿ ಬಿಗಿದು, ಒಂದನೇ ರನ್ನರ್ ಸ್ವಲ್ಪ, ನಾಲ್ಕನೆಯದು ಸ್ವಲ್ಪ, ಎರಡು, ಮೂರು ಹೀಗೆ ಜಾಗ ಬದಲಿಸುತ್ತ ವೆಲ್ಡ್ ಮಾಡಿ. ಪೂರ್ತಿ ತಣಿದ ಮೇಲೆಯೇ ಬಿಚ್ಚಿ. ಎಷ್ಟೇ ಎಚ್ಚರವಹಿಸಿದರೂ ಸ್ವಲ್ಪ ಬಾಗಿಯೇ ಇರುತ್ತದೆ. ಅದಕ್ಕೇ ದಪ್ಪ ಫ್ಲೇಂಜ್ ತೆಗೆದುಕೊಂಡು, ಕೊನೆಗೆ ಮಿಲ್ಲಿಂಗ್‌ನಲ್ಲಿ ಒಂದು ಮಿ.ಮೀ.ನಷ್ಟು ತೆಗೆಸಿ ಸಮತಟ್ಟು ಮಾಡಿಸುವುದು. ಸ್ಟ್ರೈಟ್ ಎಡ್ಜ್ ಇಟ್ಟು 0.1 ಮಿ.ಮೀ. ಫೀಲರ್ ಗೇಜ್ ಎಲ್ಲೂ ನುಸುಳಬಾರದು.

ರನ್ನರ್ ಬಾಯಿಯನ್ನು ಗ್ಯಾಸ್ಕೆಟ್ ನೋಡಿ ಕೊರೆಯಬೇಡಿ. ಗ್ಯಾಸ್ಕೆಟ್‌ನ ರಂಧ್ರ ಸಾಮಾನ್ಯವಾಗಿ ಪೋರ್ಟ್‌ಗಿಂತ ದೊಡ್ಡದಿರುತ್ತದೆ. ಪೋರ್ಟನ್ನೇ ಅಳೆದು, ರನ್ನರ್ ಬಾಯಿ ಅದಕ್ಕಿಂತ ಅರ್ಧ ಮಿ.ಮೀ. ಚಿಕ್ಕದಿರುವಂತೆ ಮಾಡಿ. ಗಾಳಿ ಚಿಕ್ಕದರಿಂದ ದೊಡ್ಡದಕ್ಕೆ ಇಳಿಯುವ ಮೆಟ್ಟಿಲಿನಿಂದ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ದೊಡ್ಡದರಿಂದ ಬಂದು ಹೆಡ್‌ನ ಅಂಚಿಗೆ ಡಿಕ್ಕಿ ಹೊಡೆದರೆ ತೊಂದರೆ. ಜೋಡಿಸುವಾಗ ಪ್ರತಿ ಸಲವೂ ಒಂದೇ ಜಾಗಕ್ಕೆ ಕೂರಲು ಎರಡು ಡೋವೆಲ್ ಪಿನ್ ಹಾಕಿ.

ಪ್ಲೆನಮ್‌ನ ಚಪ್ಪಟೆ ಗೋಡೆಗಳ ಬಗ್ಗೆ ಒಂದು ಲೆಕ್ಕ. ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ 70 ಕಿಲೋಪಾಸ್ಕಲ್ ಕಡಿಮೆಯಾಗುತ್ತದೆ. 300 x 100 ಮಿ.ಮೀ. ಗೋಡೆಯ ಮೇಲೆ ಆಗ ಬೀಳುವ ಭಾರ 210 ಕೆ.ಜಿ.ಗೂ ಹೆಚ್ಚು. ಪ್ರತಿ ಸಲ ಕಾಲು ಒತ್ತಿ ಬಿಟ್ಟಾಗಲೂ ಆ ಗೋಡೆ ಒಳಗೆ ಹೊರಗೆ ಬಾಗುತ್ತದೆ. ತೆಳು ತಗಡಿದ್ದರೆ ಕೆಲವು ತಿಂಗಳಲ್ಲಿ ವೆಲ್ಡ್‌ನ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಗೋಡೆ ಬಾಗಿದ ಆಕಾರದಲ್ಲಿರಲಿ ಅಥವಾ 4 ಮಿ.ಮೀ. ತಗಡಿಗೆ ಪಟ್ಟಿ ಕೊಟ್ಟು ಬಲಪಡಿಸಿ. ಇಡೀ ಮ್ಯಾನಿಫೋಲ್ಡ್‌ನ ತೂಕ ಫ್ಲೇಂಜ್ ಒಂದರ ಮೇಲೆ ನೇತಾಡದಂತೆ ಬ್ರಾಕೆಟ್ ಬೇಕು. ಅದು ಎಂಜಿನ್ ಬ್ಲಾಕ್‌ಗೆ ಹೋಗಬೇಕು, ಕಾರಿನ ಚೌಕಟ್ಟಿಗೆ ಅಲ್ಲ. ಎಂಜಿನ್ ತನ್ನ ಮೌಂಟ್ ಮೇಲೆ ಅಲುಗಾಡುತ್ತಿರುತ್ತದೆ, ಚೌಕಟ್ಟಿಗೆ ಬಿಗಿದರೆ ಏನಾದರೊಂದು ಮುರಿಯುತ್ತದೆ. ಬಾನೆಟ್ ಮತ್ತು ಹಿಂದಿನ ಗೋಡೆಯಿಂದಲೂ 25 ಮಿ.ಮೀ. ಬಿಡುವು ಇರಲಿ.

3ಡಿ ಪ್ರಿಂಟಿಂಗ್‌ನಲ್ಲಿ ಮಾಡಿಸೋಣ ಎಂಬ ಸಲಹೆಯೂ ನಿಮಗೆ ಬರುತ್ತದೆ. ಆಕಾರ ಕೂರುತ್ತದೆಯೇ ಎಂದು ನೋಡಲು ಅದು ಬಹಳ ಒಳ್ಳೆಯದು. ಮನೆಯ ಪ್ರಿಂಟರ್‌ನ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗುತ್ತದೆ, ಎಬಿಎಸ್ ಪ್ಲಾಸ್ಟಿಕ್‌ಗೆ ಪೆಟ್ರೋಲ್ ಆಗಿಬರುವುದಿಲ್ಲ. ಓಡುವ ಎಂಜಿನ್ ಮೇಲೆ ಇವೆರಡೂ ಬೇಡ. ಒಡೆದ ಚೂರು ಹೋಗುವುದು ನೇರ ವಾಲ್ವ್‌ನೊಳಕ್ಕೆ.

ಮರೆತುಹೋಗುವ ಪೈಪ್‌ಗಳು

ಹಳೆಯ ಮ್ಯಾನಿಫೋಲ್ಡ್ ಬಿಚ್ಚುವ ಮೊದಲು ಅದಕ್ಕೆ ಬರುವ ಪ್ರತಿ ಪೈಪ್‌ನ ಫೋಟೊ ತೆಗೆದು ಹೆಸರು ಬರೆಯಿರಿ. ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪೈಪ್, ಕ್ರ್ಯಾಂಕ್‌ಕೇಸ್‌ನ ಆವಿಯನ್ನು ಮರಳಿ ಎಂಜಿನ್‌ಗೆ ಕೊಡುವ ಪಿಸಿವಿ ಪೈಪ್, ಪೆಟ್ರೋಲ್ ಟ್ಯಾಂಕಿನ ಆವಿಯ ಪರ್ಜ್ ಪೈಪ್, ಮ್ಯಾಪ್ ಸೆನ್ಸರ್, ಗಾಳಿಯ ಉಷ್ಣತೆಯ ಸೆನ್ಸರ್ ಎಲ್ಲಕ್ಕೂ ಜಾಗ ಬೇಕು. ಬ್ರೇಕ್ ಪೈಪ್ ಪ್ಲೆನಮ್‌ನಿಂದಲೇ ಹೋಗಲಿ, ಒಂದು ರನ್ನರ್‌ನಿಂದ ತೆಗೆದರೆ ವ್ಯಾಕ್ಯೂಮ್ ಮಿಡಿಯುತ್ತದೆ. ಅದರ ಒಮ್ಮುಖ ವಾಲ್ವ್ ಬಿಡಬೇಡಿ. ಪಿಸಿವಿ ಒಂದು ರನ್ನರ್‌ನ ಬಾಯಿಗೆ ಹತ್ತಿರವಿದ್ದರೆ ಎಣ್ಣೆಯ ಆವಿಯೆಲ್ಲ ಒಂದೇ ಸಿಲಿಂಡರ್‌ಗೆ ಹೋಗಿ ಅಲ್ಲಿ ನಾಕಿಂಗ್ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು) ಶುರುವಾಗುತ್ತದೆ. ಥ್ರಾಟಲ್‌ನ ಹತ್ತಿರ ಕೊಡಿ, ಎಲ್ಲರಿಗೂ ಹಂಚಿಹೋಗುತ್ತದೆ. ಪಿಸಿವಿ, ಪರ್ಜ್ ತೆಗೆದುಹಾಕಿದರೆ ಹೊಗೆ ತಪಾಸಣೆಯ ನಿಯಮಕ್ಕೆ ವಿರುದ್ಧವಾಗುವ ಕಡೆಗಳೇ ಹೆಚ್ಚು. ಮ್ಯಾನಿಫೋಲ್ಡ್ ಬದಲಿಸುವುದಕ್ಕೇ ಅನುಮತಿ ಬೇಕಾಗಬಹುದು, ನಿಮ್ಮ ಊರಿನ ನಿಯಮವನ್ನೂ ವಿಮೆಯ ಷರತ್ತನ್ನೂ ಮೊದಲೇ ಕೇಳಿಕೊಳ್ಳಿ.

ಇಂಜೆಕ್ಟರ್‌ಗಳು ಹೆಡ್‌ನಲ್ಲಿದ್ದರೆ ನಿಮ್ಮ ಅದೃಷ್ಟ. ಮ್ಯಾನಿಫೋಲ್ಡ್‌ನಲ್ಲಿದ್ದರೆ ಹಳೆಯದರ ಕೋನ, ವಾಲ್ವ್‌ನಿಂದ ದೂರ ಎರಡನ್ನೂ ಹಾಗೇ ನಕಲು ಮಾಡಿ. ಸಿಂಪಡಣೆ ವಾಲ್ವ್‌ನ ಬೆನ್ನಿಗೆ ಬೀಳಬೇಕು, ರನ್ನರ್ ಗೋಡೆಗಲ್ಲ. ಓ-ರಿಂಗ್ ಕೂರುವ ರಂಧ್ರ ಲೇತ್‌ನಲ್ಲಿ ನುಣುಪಾಗಿ ಆಗಿರಬೇಕು. ಫ್ಯೂಯಲ್ ರೈಲ್ ಜೋಡಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಪಂಪ್ ಓಡಿಸಿ, ಟಾರ್ಚ್ ಹಿಡಿದು ಪ್ರತಿ ಇಂಜೆಕ್ಟರ್‌ನ ಬುಡವನ್ನು ಬೆರಳಿನಿಂದ ಒರೆಸಿ ನೋಡಿ. ಒಂದು ಹನಿ ಕಂಡರೂ ಮುಂದೆ ಹೋಗಬೇಡಿ. ಈ ಕೆಲಸದಲ್ಲಿ ಕಾರಿಗೆ ಬೆಂಕಿ ಹತ್ತುವ ಅಪಾಯ ಇರುವುದು ಮುಖ್ಯವಾಗಿ ಇಲ್ಲಿ.

ನಿಮ್ಮ ಮುಂದಿರುವ ದಾರಿಗಳು

ಮೊದಲನೆಯದು, ಹಳೆಯದನ್ನೇ ಉಳಿಸಿಕೊಂಡು ಮ್ಯಾಪ್ ಸೆನ್ಸರ್ ಅಳತೆ ತೆಗೆದು ಫಿಲ್ಟರ್ ಕಡೆಯ ತಡೆ ಸರಿಪಡಿಸುವುದು, ಎಕ್ಸಾಸ್ಟ್ ನೋಡುವುದು, ರೀಮ್ಯಾಪ್ ಮಾಡಿಸುವುದು. ದಿನನಿತ್ಯದ ಕಾರಿಗೆ ನನ್ನ ಮೊದಲ ಸಲಹೆ ಇದೇ. ಎರಡನೆಯದು, ಇದೇ ಎಂಜಿನ್‌ನ ಹೆಚ್ಚು ಪವರ್‌ನ ಆವೃತ್ತಿಗೆ ಕಂಪನಿಯೇ ಬೇರೆ ಮ್ಯಾನಿಫೋಲ್ಡ್ ಮಾಡಿದೆಯೇ ಎಂದು ಹುಡುಕುವುದು. ಎರಡು ಉದ್ದಗಳ ನಡುವೆ ಬದಲಾಗುವ ಫ್ಲಾಪ್ ಇರುವಂಥದ್ದು ಸಿಕ್ಕರೆ ನೀವು ಮಾಡಬಹುದಾದ ಯಾವುದಕ್ಕಿಂತಲೂ ಅದು ಮೇಲು. ಮೂರನೆಯದು, ಸ್ವಂತದ್ದು. ಕ್ಯಾಮ್ ಬದಲಿಸುವ ಯೋಚನೆ ಮುಂದೆ ಇದ್ದರೆ ಮೊದಲು ಕ್ಯಾಮ್ ಹಾಕಿ, ಆಮೇಲೆ ಮ್ಯಾನಿಫೋಲ್ಡ್. ಇಲ್ಲದಿದ್ದರೆ ಎರಡು ಸಲ ಮಾಡಬೇಕಾಗುತ್ತದೆ.

ಸ್ವಂತದ್ದೇ ಮಾಡುವುದಾದರೆ ಮೊದಲು ಒಂದು ಪರೀಕ್ಷಾ ಮ್ಯಾನಿಫೋಲ್ಡ್ ಮಾಡಿ. ರನ್ನರ್‌ಗಳನ್ನು ಇಂಜೆಕ್ಟರ್‌ಗಿಂತ ಮೇಲಿನ ಜಾಗದಲ್ಲಿ ಕತ್ತರಿಸಿ, ನಾಲ್ಕು ಪದರದ ಸಿಲಿಕೋನ್ ಹೋಸ್ ಮತ್ತು ಕ್ಲ್ಯಾಂಪ್‌ನಿಂದ ಜೋಡಿಸಿ. ಒಳಗೆ ಅದೇ ಕೊಳವೆಯ ತುಂಡುಗಳನ್ನು ಸೇರಿಸಿದರೆ ರನ್ನರ್ 235, 275, 315, 355 ಮಿ.ಮೀ. ಹೀಗೆ ಬದಲಾಗುತ್ತದೆ. ಇಂಜೆಕ್ಟರ್‌ಗಿಂತ ಮೇಲೆ ಎಂದು ಹೇಳಿದ್ದಕ್ಕೆ ಕಾರಣ, ಸಾಮಾನ್ಯ ಸಿಲಿಕೋನ್ ಪೆಟ್ರೋಲ್‌ನಲ್ಲಿ ಊದಿಕೊಂಡು ಹಾಳಾಗುತ್ತದೆ. ಡೈನೊದಲ್ಲಿ ಒಂದೇ ದಿನ ಮೊದಲು ಹಳೆಯದು, ನಂತರ ಹೊಸದರ ನಾಲ್ಕು ಉದ್ದ, ಕೊನೆಗೆ ಮತ್ತೆ ಹಳೆಯದು. ಹಳೆಯದರ ಎರಡು ಓಟಗಳು ಒಂದಕ್ಕೊಂದು ಹೊಂದದಿದ್ದರೆ ನಡುವಿನ ಯಾವ ಸಂಖ್ಯೆಯನ್ನೂ ನಂಬಬೇಡಿ. ಪ್ರತಿ ಉದ್ದಕ್ಕೂ ಪೆಟ್ರೋಲ್ ಅನುಪಾತ ಸರಿಮಾಡಿಯೇ ಹೋಲಿಸಿ.

ಅದು ಏಕೆಂದರೆ, ಮ್ಯಾಪ್ ಸೆನ್ಸರ್ ನೋಡಿ ಪೆಟ್ರೋಲ್ ಲೆಕ್ಕ ಹಾಕುವ ಇಸಿಯುಗೆ (ಎಂಜಿನ್‌ನ ಕಂಪ್ಯೂಟರ್‌ಗೆ) ಸಿಲಿಂಡರ್ ಹೆಚ್ಚು ತುಂಬುತ್ತಿದೆ ಎಂದು ತಿಳಿಯುವುದೇ ಇಲ್ಲ. ಹಳೆಯ ಕೋಷ್ಟಕದಂತೆಯೇ ಪೆಟ್ರೋಲ್ ಕೊಡುತ್ತದೆ. ಹೊಸ ಟಾರ್ಕ್ ಶಿಖರದಲ್ಲಿ, ಅಂದರೆ ಎಂಜಿನ್‌ಗೆ ಅತಿ ಹೆಚ್ಚು ಭಾರ ಬೀಳುವ ಜಾಗದಲ್ಲೇ, ಮಿಶ್ರಣ ಲೀನ್ ಆಗಿ (ಪೆಟ್ರೋಲ್ ಕಡಿಮೆಯಾಗಿ) ನಾಕಿಂಗ್ ಹುಟ್ಟುತ್ತದೆ. ಎಕ್ಸಾಸ್ಟ್‌ನಲ್ಲಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಪೂರ್ತಿ ಆಕ್ಸಿಲರೇಟರ್ ಒತ್ತಬೇಡಿ. ಪೂರ್ತಿ ಭಾರದಲ್ಲಿ ಲ್ಯಾಂಬ್ಡಾ (1ಕ್ಕಿಂತ ಕಡಿಮೆ ಎಂದರೆ ಪೆಟ್ರೋಲ್ ಹೆಚ್ಚು, ಅಂದರೆ ರಿಚ್) 0.86ರಿಂದ 0.88 ಇರಲಿ. ಆ ಸೆನ್ಸರ್ ಹೇಳುವುದು ನಾಲ್ಕೂ ಸಿಲಿಂಡರ್‌ಗಳ ಸರಾಸರಿ. ಒಂದು ಲೀನ್, ಇನ್ನೊಂದು ರಿಚ್ ಇದ್ದರೂ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಪೂರ್ತಿ ಭಾರದ ಓಟದ ನಂತರ ಅಲ್ಲೇ ಎಂಜಿನ್ ಆಫ್ ಮಾಡಿ ನಾಲ್ಕು ಪ್ಲಗ್‌ಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿ. ಒಂದರ ಪೋರ್ಸಲೀನ್ ಮಾತ್ರ ಬಿಳಿಚಿಕೊಂಡಿದ್ದರೆ ಅಥವಾ ಅದರ ಮೇಲೆ ಸಣ್ಣ ಬೆಳ್ಳಿ ಚುಕ್ಕೆಗಳಿದ್ದರೆ ಆ ಸಿಲಿಂಡರ್‌ಗೆ ಪೆಟ್ರೋಲ್ ಸಾಲುತ್ತಿಲ್ಲ. ಆ ಚುಕ್ಕೆಗಳು ಪಿಸ್ಟನ್‌ನಿಂದ ಕರಗಿ ಬಂದ ಅಲ್ಯೂಮಿನಿಯಂ.

ಕೊನೆಯ ಮ್ಯಾನಿಫೋಲ್ಡ್ ಕಾರಿಗೆ ಏರುವ ಮೊದಲು ಎರಡು ಕೆಲಸ. ಎಲ್ಲ ಬಾಯಿಗಳನ್ನೂ ಮುಚ್ಚಿ ಒಳಗೆ 0.3 ಬಾರ್ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಸೂಜಿಮೊನೆಯಷ್ಟು ತೂತಿದ್ದರೂ ಐಡಲ್ ಕೆಡುತ್ತದೆ. ನಂತರ ಬಿಸಿ ಸೋಪಿನ ನೀರಿನಲ್ಲಿ ತೊಳೆದು, ಬ್ರಶ್ ಹಾಕಿ, ಗಾಳಿ ಹೊಡೆದು, ಬಿಳಿ ಬಟ್ಟೆ ಎಳೆದು ನೋಡಿ. ಬಟ್ಟೆ ಬೂದುಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಎಮರಿಯ ಪುಡಿ ಬೋರ್ ಗೀಚಲು ಒಂದು ಚಿಟಿಕೆ ಸಾಕು. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಕೈಪಿಡಿ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಸ್ಟಾರ್ಟ್ ಮಾಡುವ ಮುಂಚೆ ಥ್ರಾಟಲ್ ಪೂರ್ತಿ ತೆರೆದು ತಾನಾಗಿಯೇ ಪೂರ್ತಿ ಮುಚ್ಚುತ್ತದೆಯೇ ಎಂದು ಹತ್ತು ಸಲ ನೋಡಿ, ಹೊಸ ಫ್ಲೇಂಜ್ ಸ್ವಲ್ಪ ವಾರೆಯಿದ್ದರೂ ಅದು ಸಿಕ್ಕಿಕೊಳ್ಳಬಹುದು. ನೂರು ಕಿ.ಮೀ. ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಬೋಲ್ಟ್‌ಗಳನ್ನೂ ಬ್ರಾಕೆಟ್ಟನ್ನೂ ಇಂಜೆಕ್ಟರ್‌ಗಳ ಬುಡವನ್ನೂ ಮತ್ತೊಮ್ಮೆ ಪರೀಕ್ಷಿಸಿ, ಆಮೇಲೆಯೇ ಟ್ರ್ಯಾಕ್‌ಗೆ ಒಯ್ಯಿರಿ.